ಕೊನೆಯ ತಟ್ಟೆಯ ತೂಕ

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಬೆಣಚುಕಲ್ಲನ್ನು ಅರೆದು ನುಣ್ಣನೆ ಪುಡಿ ಮಾಡುವ ಆ ಕಾರ್ಖಾನೆಯಲ್ಲಿ ಗೇಟಿನವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ಚಿಮಟಮ್ಮ. ಹದಿನಾಲ್ಕು ವರ್ಷದಿಂದ ಧೂಳು ಪರೀಕ್ಷೆ ಕೋಣೆಯಲ್ಲಿ ಒಂದನ್ನೂ ಬೆರಳಿನಿಂದ ಮುಟ್ಟದೆ, ಎಲ್ಲವನ್ನೂ ಚಿಮಟದ ತುದಿಯಲ್ಲೇ ಎತ್ತಿ ಇಡುವ ಕೆಲಸ ಅವಳದು. ಮನೆಗೆ ಬಂದರೂ ಅದೇ ಚಾಳಿ. ಅನ್ನದಲ್ಲಿ ಕೂದಲು ಕಂಡರೆ ಎರಡು ಉಗುರಿನಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಆಮೇಲೆ ಬಿಸಾಡುವಳು. "ತೂಕ ಎಷ್ಟು ಬಂತಮ್ಮ?" ಎಂದು ಮಗಳು ಛೇಡಿಸುವಳು.

ಆ ಕೋಣೆಗೆ ಅವಳು ಮೊದಲು ಕಾಲಿಟ್ಟದ್ದು ಕಸ ಗುಡಿಸಲಿಕ್ಕೆ. ಅರೆಯುವ ಯಂತ್ರದ ಬಳಿ ಕೆಲಸ ಮಾಡುತ್ತಿದ್ದ ಗಂಡ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಕಂಪನಿಯವರು ಕರುಣೆಯಿಂದ ಕೊಟ್ಟ ಕೆಲಸ. ಅಲ್ಲಿ ಒಬ್ಬ ಮುದುಕ ಇದ್ದ, ಎಲ್ಲರೂ ತೂಕದಜ್ಜ ಅನ್ನುತ್ತಿದ್ದರು. ಗಾಜಿನ ಗೂಡಿನೊಳಗಿದ್ದ ತಕ್ಕಡಿಯ ಮುಂದೆ ಅವನು ದೇವರ ಮುಂದೆ ಕೂತಂತೆ ಕೂರುತ್ತಿದ್ದ. ಆ ತಕ್ಕಡಿಗೆ ಒಂದು ರೆಪ್ಪೆಗೂದಲೂ ಭಾರವೇ. ಫ್ಯಾನ್ ಹಾಕುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ನೈಲಾನ್ ಬಟ್ಟೆ ಉಟ್ಟು ಹತ್ತಿರ ಬರುವಂತಿಲ್ಲ. ಇವಳು ಪೊರಕೆಯನ್ನು ಎಷ್ಟು ಸದ್ದಿಲ್ಲದೆ ಆಡಿಸುತ್ತಾಳೆಂದು ಗಮನಿಸಿದ ಅಜ್ಜ ಒಂದು ದಿನ ಪೊರಕೆ ಕಿತ್ತುಕೊಂಡು ಚಿಮಟ ಕೊಟ್ಟ. ಅಲ್ಲಿಂದ ಶುರು.

ಅವಳ ಪಾಲಿಗೆ ಬಂದ ಉಪಕರಣ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಲೋಹದ ಡಬ್ಬಿ. ಒಳಗೆ ಒಂದರ ಕೆಳಗೊಂದು ಆರು ತಟ್ಟೆ, ತೀರಾ ತಳದಲ್ಲಿ ಉಳಿದ ಧೂಳನ್ನೆಲ್ಲ ಸೋಸಿ ಹಿಡಿಯುವ ಒಂದು ಬಿಳಿ ಬಿಲ್ಲೆ. ಅದನ್ನು ಕೆಲಸಗಾರರ ಕಾಲರಿಗೆ ಸಿಕ್ಕಿಸಿ, ಕೊಳವೆಯನ್ನು ಸೊಂಟದ ಪಂಪಿಗೆ ಜೋಡಿಸಿದರೆ, ಅವರ ಮೂಗಿನ ಹತ್ತಿರದ ಗಾಳಿಯನ್ನೇ ಇಡೀ ಪಾಳಿ ಎಳೆದುಕೊಳ್ಳುತ್ತದೆ. ಎದೆಗೆ ಕಚ್ಚಿಕೊಂಡು ಹೀರುತ್ತದೆಂದು ಕೆಲಸದವರು ಅದಕ್ಕೆ ಜಿಗಣೆ ಎಂದು ಹೆಸರಿಟ್ಟಿದ್ದರು. ತಟ್ಟೆಗಳು ಯಾಕೆ ಎಂದು ಅವಳು ಕೇಳಿದಾಗ ಅಜ್ಜ ಹೇಳಿದ್ದ:

"ಇಕ್ಕಟ್ಟಾದ ಓಣೀಲಿ ಜನ ಓಡ್ತಿದಾರೆ ಅಂದ್ಕೋ. ತಿರುವು ಬಂತು. ದಪ್ಪ ಆಸಾಮಿಗೆ ತಿರುಗಕ್ಕಾಗಲ್ಲ, ನೇರ ಹೋಗಿ ಗೋಡೆಗೆ ಡಿಕ್ಕಿ ಹೊಡೀತಾನೆ. ಸಣಕಲು ನುಣುಚಿಕೊಂಡು ಮುಂದಿನ ಓಣಿಗೆ ಹೋಗ್ತಾನೆ. ಮುಂದಿನ ಓಣಿ ಇನ್ನೂ ಇಕ್ಕಟ್ಟು, ಓಟ ಇನ್ನೂ ಜೋರು. ಹೀಗೆ ಆರು ತಿರುವು. ಭಾರದ ಧೂಳು ಮೇಲಿನ ತಟ್ಟೇಲೇ ಸಿಕ್ಕಿಬೀಳತ್ತೆ, ಹಗುರಾದ್ದು ಕೆಳಗಿಳಿಯತ್ತೆ. ಯಾವ ತಟ್ಟೇಲಿ ಎಷ್ಟು ಅಂತ ತೂಗೋದು ನಮ್ಮ ಕೆಲಸ."

"ಅಂದ್ರೆ ಮೇಲಿನ ತಟ್ಟೆಯವರು ಓಡಕ್ಕೆ ಬಾರದ ಕಳ್ಳರು" ಎಂದು ಅವಳು ನಕ್ಕಿದ್ದಳು.

ಅಜ್ಜ ನಗಲಿಲ್ಲ. "ಮೇಲಿನದು ಸೀನಿದರೆ ಹೋಗತ್ತೆ. ನಡುವಿನದು ಕೆಮ್ಮಿದರೆ ಹೋಗತ್ತೆ. ಕೊನೇದಿದೆಯಲ್ಲ, ಅದು ಎದೆ ತಳಕ್ಕಿಳಿದು ಮನೆ ಮಾಡತ್ತೆ. ನಿನ್ನ ಗಂಡನ ಎದೇಲಿ ಕೂತಿದ್ದು ಅದೇ ಕಣಮ್ಮ."

ಅಜ್ಜ ನಿವೃತ್ತನಾದ, ಪರೀಕ್ಷೆ ಕೋಣೆಗೆ ಓದಿಕೊಂಡ ಮೇಡಂ ಒಬ್ಬರು ಬಂದರು, ಇವಳು ಮಾತ್ರ ತಕ್ಕಡಿಯ ಮುಂದೆಯೇ ಇದ್ದಳು. ಕೊನೆಯ ತಟ್ಟೆಗೂ ಬಿಲ್ಲೆಗೂ ಸೇರಿಸಿ ಕಂಪನಿ ಒಂದು ಗೆರೆ ಹಾಕಿತ್ತು: ಒಂದು ಪಾಳಿಗೆ ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು. ಅದರ ಮೇಲೆ ಹೋದರೆ ಆ ವಿಭಾಗ ನಿಲ್ಲಬೇಕು. ಅವಳ ಕಾಲದಲ್ಲಿ ಯಾವ ವಿಭಾಗವೂ ಗೆರೆ ದಾಟಿರಲಿಲ್ಲ. ಒಂದೆರಡು ಸಲ ಗೆರೆಯ ಹೊಸ್ತಿಲಿಗೆ ಬಂದು ವಾಪಸು ಹೋಗಿತ್ತು.

ಮಗಳಿಗೆ ಬೇರೆಲ್ಲಾದರೂ ಕೆಲಸ ಹುಡುಕಿಕೊಳ್ಳೇ ಎಂದು ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಮಗಳು ಕೇಳುವ ಪೈಕಿಯಲ್ಲ. ಎರಡು ವರ್ಷದಿಂದ ಮೂಟೆ ಹಾಲಿನಲ್ಲಿ, ಅಂದರೆ ಪುಡಿಯನ್ನು ಮೂಟೆ ಕಟ್ಟುವ ದೊಡ್ಡ ಕೋಣೆಯಲ್ಲಿ ಕೆಲಸ. ಕೊಳವೆಯ ಬಾಯಿಂದ ಚೀಲಕ್ಕೆ ಪುಡಿ ಸುರಿಯುತ್ತದೆ. ತುಂಬಿದ ಚೀಲದ ಬಾಯನ್ನು ಕೈಯಲ್ಲಿ ಹಿಡಿಯುವ ಹೊಲಿಗೆ ಯಂತ್ರದಿಂದ ಮುಚ್ಚಬೇಕು. ಹಾಲಿನ ಹನ್ನೊಂದು ಹೆಂಗಸರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಟ್ಟೆಯ ಒಳಗಿಂದಲೇ ಹರಟೆ ಹೊಡೆದುಕೊಂಡು ಹೊಲಿಯುತ್ತಿದ್ದರು.

ಜಿಗಣೆ ತಿಂಗಳಿಗೊಬ್ಬರ ಎದೆಗೆ ಏರುತ್ತಿತ್ತು. ಆ ತಿಂಗಳ ಪಟ್ಟಿಯಲ್ಲಿ ಮಗಳ ಹೆಸರಿತ್ತು.

ಡಬ್ಬಿ ಸಿದ್ಧಮಾಡುವುದಕ್ಕೆ ಒಂದು ಕ್ರಮವಿದೆ. ತಟ್ಟೆಯ ಮೇಲೆ ಕೂರಿಸುವ ತೆಳು ಹಾಳೆಗಳನ್ನು ಒರೆಸಬೇಕು, ಕಂಡೂ ಕಾಣದಷ್ಟು ಗ್ರೀಸ್ ಹಚ್ಚಬೇಕು, ಒಣಗಿಸಿ ತೂಗಿ ಜೋಡಿಸಬೇಕು. ಗ್ರೀಸ್ ಯಾಕೆಂದರೆ, ಬೆಣಚುಕಲ್ಲಿನ ಕಣ ಬಲು ಗಟ್ಟಿ. ಬರಿಯ ಹಾಳೆಗೆ ಬಡಿದರೆ ಅಂಟುವುದಿಲ್ಲ. ಪುಟಿದು ಮತ್ತೆ ಗಾಳಿ ಹತ್ತಿ ಕೆಳಗಿಳಿದು ಬಿಲ್ಲೆಯ ಮೇಲೆ ಹೋಗಿ ಕೂರುತ್ತದೆ. ಆಗ ಮೇಲಿನ ಕಳ್ಳನ ಅಪರಾಧವೆಲ್ಲ ಕೆಳಗಿನ ಕಳ್ಳನ ತಲೆಗೆ. ಈ ಒಂದೊಂದು ಹೆಜ್ಜೆ ಮುಗಿದ ಮೇಲೂ ಪುಸ್ತಕದಲ್ಲಿ ಟಿಕ್ ಹಾಕಬೇಕೆಂದು ನಿಯಮ. ಆದರೆ ಕೈಗವಸು ಹಾಕಿಕೊಂಡ ಮೇಲೆ ಪೆನ್ನು ಮುಟ್ಟಿದರೆ ಕೈಗವಸು ಬದಲಿಸಬೇಕು. ಐದು ಹೆಜ್ಜೆಗೆ ಐದು ಜೊತೆ ಯಾರು ಕೊಡುತ್ತಾರೆ? ಹಾಗಾಗಿ ಅವಳು ಮೊದಲೇ ಪೆನ್ನು ಹಿಡಿದು ಸಾಲಾಗಿ ಐದೂ ಟಿಕ್ ಹಾಕಿ, ಆಮೇಲೆ ಕೈಗವಸು ತೊಟ್ಟು ಐದೂ ಕೆಲಸ ಮಾಡುತ್ತಿದ್ದಳು. ವರ್ಷಗಳಿಂದ ಹಾಗೇ. ಒಂದು ದಿನವೂ ತಪ್ಪಿರಲಿಲ್ಲ.

ಮಗಳ ಸರದಿಯ ಹಿಂದಿನ ಮಧ್ಯಾಹ್ನ ಅವಳು ಹಾಳೆ ಒರೆಸುತ್ತಿದ್ದಾಗ ಮಗಳು ಬಾಗಿಲಲ್ಲಿ ಇಣುಕಿದಳು. "ಏನು ಚಿಮಟಮ್ಮನೋರೇ, ನನ್ನ ಜಿಗಣೆಗೆ ಚೆನ್ನಾಗಿ ಸ್ನಾನ ಮಾಡಿಸಿದ್ರಾ?" ಎಂದು ನಕ್ಕವಳು ನಗುತ್ತಲೇ ಕೆಮ್ಮಿದಳು. ಒಣ ಕೆಮ್ಮು. ಒಂದಲ್ಲ, ಮೂರು ಸಲ.

ಅವಳ ಕೈಯಲ್ಲಿದ್ದ ಚಿಮಟ ನಿಂತಿತು. "ಎಷ್ಟು ದಿನದಿಂದ ಇದು?"

"ಅಯ್ಯೋ, ಗಂಟಲಲ್ಲಿ ಏನೋ ಸಿಕ್ಕಿತ್ತಮ್ಮ. ಕೆಮ್ಮಿದ ತಕ್ಷಣ ಪಂಚನಾಮೆ ಶುರು ಮಾಡ್ಬೇಡ."

ಮಗಳು ಹೋದಳು. ಅವಳು ಆಮೇಲೆ ಏನು ಮಾಡಿದಳೋ ಅವಳಿಗೇ ನೆನಪಿಲ್ಲ. ಗಂಡನಿಗೂ ಮೊದಲು ಬಂದದ್ದು ಒಣ ಕೆಮ್ಮೇ. ಅವನೂ ಗಂಟಲಲ್ಲಿ ಏನೋ ಸಿಕ್ಕಿದೆ ಎಂದೇ ಅನ್ನುತ್ತಿದ್ದ. ತಲೆಯಲ್ಲಿ ಅದೊಂದೇ ಸುತ್ತುತ್ತಿರುವಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಸಂಜೆಗೆ ಡಬ್ಬಿ ಸಿದ್ಧವಾಗಿ ಮೇಜಿನ ಮೇಲಿತ್ತು.

ಮಗಳು ಮರುದಿನ ಅದನ್ನು ತೊಟ್ಟು ಪಾಳಿ ಮುಗಿಸಿದಳು. ತೇವ ಹೋಗಲೆಂದು ಹಾಳೆಗಳು ಒಂದು ದಿನ ಒಣ ಜಾಡಿಯಲ್ಲಿ ಕೂತವು. ಅದರ ಮಾರನೆಯ ಬೆಳಿಗ್ಗೆ ಅವಳು ಒಂದೊಂದನ್ನೇ ತೂಗಿದಳು. ಮೇಲಿನವು ಎಂದಿಗಿಂತ ಹಗುರವಾಗಿದ್ದವು. ಕೊನೆಯ ಹಾಳೆ ಮತ್ತು ಬಿಲ್ಲೆ ಇಟ್ಟಾಗ ಅಂಕಿಗಳು ಓಡಾಡಿ ನಿಂತ ಜಾಗ ನೋಡಿ ಅವಳು ತಕ್ಕಡಿ ಕೆಟ್ಟಿದೆ ಎಂದುಕೊಂಡಳು. ತೆಗೆದು ಮತ್ತೆ ಇಟ್ಟಳು. ಮೂರನೆಯ ಸಲವೂ ಅದೇ. ಹತ್ತನೆಯ ಒಂದು ಪಾಲು ಮೀರಬಾರದಾಗಿದ್ದದ್ದು ಅಂಥ ಐದು ಪಾಲು ಬಂದಿತ್ತು.

ತೂಗಿದ ಹಾಳೆಗಳನ್ನು ಅಂದೇ ಹೊರಗಿನ ಪರೀಕ್ಷಾಲಯಕ್ಕೆ ಕಳಿಸುವುದು ವಾಡಿಕೆ. ಅಲ್ಲಿ ಅವನ್ನು ಬೂದಿ ಮಾಡಿ ಕಲ್ಲಿನ ಅಂಶ ಎಷ್ಟೆಂದು ನೋಡುತ್ತಾರೆ. ಅವಳು ಅಂಕಿ ಬರೆದು ಮುಗಿಸುವಷ್ಟರಲ್ಲಿ ಪೆಟ್ಟಿಗೆ ಹೋಗಿಯಾಗಿತ್ತು. ಆಗ ಮೇಡಂ ಪುಸ್ತಕದ ಮೇಲೆ ಬಗ್ಗಿದರು. ಅವರ ಹಿಂದೆಯೇ ಮೂಟೆ ಹಾಲಿನ ಸೂಪರ್ವೈಸರ್ ಬಂದ. ಎಲ್ಲದಕ್ಕೂ ಆಯ್ತಾಯ್ತು ಎನ್ನುವ ಅವನನ್ನು ಜನ ಆಯ್ತಾಯ್ತು ಎಂದೇ ಕರೆಯುತ್ತಿದ್ದರು.

"ಗ್ರೀಸ್ ಹಚ್ಚಿದ್ರಾ?" ಎಂದು ಮೇಡಂ ಕೇಳಿದರು. ಕೇಳಿ, ಉತ್ತರಕ್ಕೆ ಕಾಯದೆ ಪುಸ್ತಕದ ಟಿಕ್ ಮೇಲೆ ಬೆರಳಿಟ್ಟರು. "ಹಚ್ಚಿದೀರಿ. ಹಾಗಾದ್ರೆ ಈ ಅಂಕಿ ನಿಜ. ನಾನು ಸಾಹೇಬ್ರ ಹತ್ರ ಮಾತಾಡ್ತೀನಿ." ಅವರು ಹೊರಟರು.

ಆಯ್ತಾಯ್ತು ಹೋಗಲಿಲ್ಲ. ಬಾಗಿಲು ಮೆಲ್ಲಗೆ ಮುಂದೆ ಮಾಡಿದ. "ಚಿಮಟಮ್ಮ, ಮೇಲಿನ ತಟ್ಟೆ ಖಾಲಿ, ಕೆಳಗಿನದು ಭರ್ತಿ. ನಾನೂ ಈ ಕೆಲಸದಲ್ಲಿ ತಲೆ ನರೆಸಿದೋನು. ನೀವು ಗ್ರೀಸ್ ಮರೆತಿದೀರಿ. ಮರೆತೆ ಅಂದ್ಬಿಡಿ. ಯಾರೂ ನಿಮ್ಮನ್ನ ನುಂಗಲ್ಲ. ಈ ತಿಂಗಳದ್ದು ಹರಿದು ಹಾಕಿ, ಮುಂದಿನ ತಿಂಗಳು ಮತ್ತೆ ಅಳೆಯೋಣ."

"ಮುಂದಿನ ತಿಂಗಳವರೆಗೆ ಹಾಲ್?"

"ನಡೆಯತ್ತೆ. ಇಷ್ಟು ದಿನ ನಡೆದಿಲ್ವಾ? ಆಯ್ತಾಯ್ತು, ಯೋಚನೆ ಮಾಡಿ ಹೇಳಿ."

ಅವನು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತಳು. ಗ್ರೀಸಿನ ಟ್ಯೂಬು ಎಂದಿನ ಜಾಗದಲ್ಲೇ ಇತ್ತು. ಅದನ್ನು ಎತ್ತಿ ನೋಡಿದಳು, ಒತ್ತಿ ನೋಡಿದಳು, ಮುಚ್ಚಳ ಮೂಸಿ ನೋಡಿದಳು. ಟ್ಯೂಬು ಏನು ಹೇಳೀತು? ಹೇಳಬಹುದಾಗಿದ್ದ ಹಾಳೆಗಳು ಆಗಲೇ ಹೊರಗಿನ ಪರೀಕ್ಷಾಲಯದ ದಾರಿ ಹಿಡಿದಿದ್ದವು. ಒರೆಸಿದ್ದು ನೆನಪಿತ್ತು. ಸಂಜೆ ಡಬ್ಬಿ ಮೇಜಿನ ಮೇಲಿದ್ದದ್ದು ನೆನಪಿತ್ತು. ನಡುವೆ ಮಗಳ ಕೆಮ್ಮು ಮಾತ್ರ.

ಮರೆತಿದ್ದರೆ ಎಷ್ಟು ಚೆನ್ನ ಎಂದು ಅವಳ ಜೀವ ಬಾಯಿಬಿಡುತ್ತಿತ್ತು. ತಾನು ಕೆಲಸಗೇಡಿ ಎಂದಾಗಲಿ, ಈ ಕೋಣೆಯಿಂದ ಹೊರಗೆ ಹಾಕಲಿ, ಹಾಲಿನವರೆಲ್ಲ ಉಗಿಯಲಿ, ಅಷ್ಟೂ ಭಾರದ ಧೂಳೇ ಆಗಿರಲಿ, ಸೀನಿದರೆ ಹೋಗುವಂಥದ್ದೇ ಆಗಿರಲಿ. ಆದರೆ ಮರೆತೆ ಎಂದು ಬಾಯಲ್ಲಿ ಹೇಳಿದ ಗಳಿಗೆಯಲ್ಲೇ ಮಗಳು ಮತ್ತೆ ಚೀಲದ ಬಾಯಿಗೆ ಹೋಗಿ ನಿಲ್ಲುತ್ತಾಳೆ, ಒಂದು ಇಡೀ ತಿಂಗಳು. ಮರೆಯದೆ ಇದ್ದಿದ್ದರೆ? ಹಾಗಿದ್ದರೆ ಆ ಐದು ಪಾಲೂ ನಿಜ. ಸುಮ್ಮನಿದ್ದುಬಿಟ್ಟರೆ ಹಾಲ್ ನಿಲ್ಲುತ್ತದೆ, ಮಗಳು ಹೊರಗೆ ಬರುತ್ತಾಳೆ, ನಿಜ. ಆದರೆ ಆ ಐದು ಪಾಲು ಮಗಳ ಎದೆಯಲ್ಲಿ ಇದೆಯೋ ಇಲ್ಲವೋ ಎಂದು ಸಾಯುವವರೆಗೂ ಗೊತ್ತಾಗದು.

ಊಟದ ಹೊತ್ತಿಗೆ ಮಗಳು ಡಬ್ಬಿ ಹಿಡಿದು ಬಂದು ಎದುರಿಗೆ ಕೂತಳು. ಸುದ್ದಿ ಆಗಲೇ ಹಾಲಿಗೆ ಮುಟ್ಟಿತ್ತು. "ನಂದೇ ಜಾಸ್ತಿ ಬಂತಂತೆ? ಹೊಲಿಯೋದರಲ್ಲೂ ನಾನೇ ಮುಂದೆ, ಧೂಳು ಕುಡಿಯೋದರಲ್ಲೂ ನಾನೇ ಮುಂದೆ" ಎಂದು ನಕ್ಕಳು. ತಾಯಿಯ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಅಮ್ಮ, ನಿಜವಾಗ್ಲೂ ಅಷ್ಟಿದ್ಯಾ?"

"ಗೊತ್ತಿಲ್ಲ ಕಣೆ."

"ನಿನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ?"

ಅವಳು ಅರ್ಧ ಊಟಕ್ಕೇ ಎದ್ದಳು. ಕೈ ತೊಳೆದು ನೇರ ಮೇಡಂ ಕೋಣೆಗೆ ನಡೆದಳು. ಮೇಜಿನ ಅಂಚು ಹಿಡಿದುಕೊಂಡೇ ಹೇಳಿದಳು: "ಮೇಡಂ, ಆ ಟಿಕ್ ನಂಬಬೇಡಿ. ನಾನು ಟಿಕ್ ಮೊದಲೇ ಹಾಕಿಬಿಡ್ತೀನಿ. ಆಮೇಲೆ ಕೆಲಸ ಮಾಡ್ತೀನಿ."

ಮೇಡಂ ಕನ್ನಡಕ ತೆಗೆದರು. "ಹದಿನಾಲ್ಕು ವರ್ಷದ ಟಿಕ್ಕೆಲ್ಲಾ ಹೀಗೇನಾ?"

"ಟಿಕ್ ಹೀಗೆ. ಕೆಲಸ ಹೀಗಲ್ಲ ಮೇಡಂ. ಆವತ್ತು ಒಂದು ದಿನ ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಹಚ್ಚಿದೆ ಅಂತ ಆಣೆ ಮಾಡಕ್ಕಾಗಲ್ಲ, ಮರೆತೆ ಅಂತಲೂ ಹೇಳಕ್ಕಾಗಲ್ಲ. ಮುಂದಿನ ತಿಂಗಳವರೆಗೆ ಕಾಯಬೇಡಿ. ನಾಳೆನೇ ಅಳೀರಿ. ಅದೇ ಜಾಗ, ಅದೇ ಕೆಲಸ. ಮಗಳ ಬದಲು ನಾನು ನಿಲ್ತೀನಿ."

ಮೇಡಂ ಪುಸ್ತಕ ತೆರೆದು ಹಳೆಯ ಟಿಕ್‌ಗಳನ್ನು ಒಂದೊಂದೇ ಪುಟ ತಿರುವಿ ನೋಡಿದರು. ಗೋಡೆಯ ಗಡಿಯಾರ ಟಕ್ ಟಕ್ ಎನ್ನುವುದು ಅವಳಿಗೆ ತನ್ನ ಮೇಲೆ ಬರೆಯುತ್ತಿರುವ ದೂರಿನಂತೆ ಕೇಳಿಸಿತು. ಕೊನೆಗೆ ಅವರು, "ಹೊಲಿಯೋದು ಬರುತ್ತಾ ನಿಮಗೆ?" ಎಂದರು. ಅಷ್ಟೇ.

ಈ ಸಲ ಗ್ರೀಸ್ ಹಚ್ಚುವಾಗ ಮೇಡಂ ಪಕ್ಕದಲ್ಲೇ ನಿಂತಿದ್ದರು. ಅವಳು ಒಂದೊಂದು ಹಾಳೆಗೂ ಹಚ್ಚಿ, ಬೆಳಕಿಗೆ ಓರೆಯಾಗಿ ಹಿಡಿದು, "ಒಂದು ಆಯ್ತು" "ಎರಡು ಆಯ್ತು" ಎಂದು ಚಿಕ್ಕ ಮಕ್ಕಳಂತೆ ಗಟ್ಟಿಯಾಗಿ ಹೇಳಿದಳು. ಟಿಕ್ ಹಾಕಿದವರು ಮೇಡಂ. ಮಗಳು ಜಗಳಕ್ಕೆ ಬಂದಳು. "ನಿನಗೇನು ಇಪ್ಪತ್ತು ವರ್ಷನಾ? ಚೀಲ ಎತ್ತಕ್ಕಾಗತ್ತಾ? ನಾನೇ ಇನ್ನೊಂದು ದಿನ ಹಾಕ್ಕೋತೀನಿ."

"ಇನ್ನೊಂದು ಉಸಿರೂ ಅಲ್ಲಿ ಬೇಡ. ನೀನು ಇವತ್ತು ಗೇಟಿನ ಹೊರಗೆ ಕೂರು. ನನ್ನಾಣೆ."

ಹದಿನಾಲ್ಕು ವರ್ಷ ಧೂಳು ತೂಗಿದವಳು ಧೂಳಿನ ಒಳಗೆ ನಿಂತದ್ದು ಅದೇ ಮೊದಲು. ಮೇಡಂ ಕೊಟ್ಟ ಬಿಗಿ ಮಾಸ್ಕಿನೊಳಗೆ ಅವಳ ಉಸಿರು ಅವಳಿಗೇ ಬೇರೆ ಯಾರದೋ ಎನ್ನುವಂತೆ ಕೇಳುತ್ತಿತ್ತು. ಕೊಳವೆ ಬಾಯಿಬಿಟ್ಟಾಗಲೆಲ್ಲ ಚೀಲ ಉಬ್ಬಿ ಧಸಕ್ಕೆಂದು ಕೂರುವುದು, ಕೂತಾಗ ಬಿಳಿಯದೊಂದು ಮೋಡ ಏಳುವುದು. ಆ ಮೋಡಕ್ಕೆ ಅವಳು ಹೆದರಲಿಲ್ಲ. ಅದು ಕಾಣುತ್ತದೆ, ನೆಲಕ್ಕೆ ಬೀಳುತ್ತದೆ, ಅದು ಮೇಲಿನ ತಟ್ಟೆಯದು. ಮೋಡ ಇಳಿದ ಮೇಲೆ ಕಿಟಕಿಯ ಬಿಸಿಲಿನಲ್ಲಿ ಏನೂ ಇಲ್ಲದಂತೆ ತಿಳಿಯಾಗಿ ನಿಂತಿರುತ್ತದಲ್ಲ ಗಾಳಿ, ಅದಕ್ಕೆ ಹೆದರಿದಳು. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಒಂದೂ ಇರಲಿಲ್ಲ. ಎಲ್ಲಿ ನೋಡಬೇಕು, ಯಾವ ಕಡೆ ಮುಖ ತಿರುಗಿಸಬೇಕು ಎಂದೇ ತಿಳಿಯದ ಹೆದರಿಕೆ.

ಪಕ್ಕದ ಹೆಂಗಸು ಮೂಗಿನ ಬಟ್ಟೆಯನ್ನು ಗದ್ದಕ್ಕೆ ಇಳಿಸಿ ನಕ್ಕಳು. "ಅಕ್ಕಾ, ಮೂತಿ ಮುಚ್ಕೊಂಡು ಮದುಮಗಳ ಥರ ನಿಂತಿದೀರಲ್ಲ! ನಮ್ಮ ಹಾಲಿನ ಗಾಳಿ ಅಷ್ಟು ನಾರುತ್ತಾ?"

"ಬಟ್ಟೆ ಮೇಲೆ ಮಾಡ್ಕೊಳ್ಳೇ ತಾಯಿ" ಎಂದಳು ಅವಳು.

"ಮಾಡ್ಕೊಂಡ್ರೆ ಉಸಿರು ಕಟ್ಟತ್ತೆ. ಮಾತೂ ಆಡಕ್ಕಾಗಲ್ಲ."

ಆ ಬಟ್ಟೆ ಮೇಲಿದ್ದರೂ ಒಂದೇ ಕೆಳಗಿದ್ದರೂ ಒಂದೇ ಎಂದು ಅವಳಿಗೆ ಗೊತ್ತಿತ್ತು. ಕೊನೆಯ ತಟ್ಟೆಗೆ ಹೋಗುವಂಥದ್ದಕ್ಕೆ ಅದು ಬಲೆಯಲ್ಲ, ಬಾಗಿಲು. ಇವಳಿಗೆ ಎಷ್ಟು ವರ್ಷವಾಯಿತು ಇಲ್ಲಿ? ಆ ಮೂಲೆಯವಳಿಗೆ? ಇಷ್ಟು ದಿನ ಒಬ್ಬಳ ಎದೆಯನ್ನು ಮಾತ್ರ ನೆನೆದಿದ್ದಳು. ಉಳಿದ ಹತ್ತು ಜನರ ನೆನಪೇ ಬಂದಿರಲಿಲ್ಲ. ನಾಚಿಕೆಗೂ ಭಯಕ್ಕೂ ಹೊಲಿಗೆ ಸೊಟ್ಟಗಾಯಿತು. ಆಯ್ತಾಯ್ತು ಎರಡು ಸಲ ಬಂದು ನೋಡಿ ಹೋದ.

ಮತ್ತೆ ಒಂದು ದಿನ ಹಾಳೆಗಳು ಜಾಡಿಯಲ್ಲಿ ಕೂರಬೇಕಿತ್ತು. ಆ ದಿನವನ್ನು ಅವಳು ಹೇಗೆ ಕಳೆದಳೋ. ಹೊಳೆಯುತ್ತಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸಿದಳು, ಜೋಡಿಸಿಟ್ಟ ಡಬ್ಬಿಗಳನ್ನು ಕೆಡವಿ ಮತ್ತೆ ಜೋಡಿಸಿದಳು. ಜಾಡಿಯ ಕಡೆ ನೋಡಬಾರದೆಂದು ಬೆನ್ನು ತಿರುಗಿಸಿ ಕೂತಳು. ಬೆನ್ನಿಗೇ ಕಣ್ಣು ಬಂದಂತಾಯಿತು. ಮನೆಯಲ್ಲಿ ಮಗಳು ನೀರು ಕುಡಿದು ಗಂಟಲು ಸರಿಮಾಡಿಕೊಂಡರೂ ಬೆಚ್ಚಿಬಿದ್ದಳು. "ಅಮ್ಮ, ನಾನು ಕೆಮ್ಮಕ್ಕೂ ನಿನ್ನ ಅಪ್ಪಣೆ ಕೇಳ್ಬೇಕಾ?" ಎಂದು ಮಗಳು ರೇಗಿದಳು. ಆದರೆ ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಬಾರದಂತೆ ಕೆಮ್ಮಿದಳು. ಗೋಡೆಗೆ ಕಿವಿಯಿಟ್ಟಿದ್ದ ತಾಯಿಗೆ ನಲ್ಲಿಯ ಸದ್ದೂ ಕೆಮ್ಮಿನ ಸದ್ದೂ ಬೇರೆ ಬೇರೆಯಾಗಿಯೇ ಕೇಳಿಸಿತು.

ತೂಗುವ ಬೆಳಿಗ್ಗೆ ಮೇಡಂ ಮತ್ತು ಆಯ್ತಾಯ್ತು ಬಾಗಿಲ ಬಳಿ ನಿಂತರು. ಮಗಳೂ ಬಂದಿದ್ದಳು. ಮೇಲಿನ ಹಾಳೆ ಇಟ್ಟಳು: ಮೊದಲ ಸಲಕ್ಕಿಂತ ಬಹಳ ಭಾರ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅಲ್ಲಿಗೆ ಗೊತ್ತಾಯಿತು. ಮಗಳ ದಿನ ಅವಳು ಗ್ರೀಸ್ ಹಚ್ಚಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಸಲ, ಆ ಒಂದು ದಿನವೇ.

"ನಾನು ಹೇಳಲಿಲ್ವಾ?" ಎಂದ ಆಯ್ತಾಯ್ತು.

ಅವಳಿಗೆ ಅಳುವಷ್ಟು ಖುಷಿಯಾಯಿತು. ತಪ್ಪು ತನ್ನದೇ. ದೇವರು ದೊಡ್ಡವನು, ತಪ್ಪು ತನ್ನದೇ. ಕೈ ಹಗುರಾಗಿ ಕೊನೆಯ ಹಾಳೆಯನ್ನೂ ಬಿಲ್ಲೆಯನ್ನೂ ಇಟ್ಟಳು.

ಅಂಕಿ ಐದು ಪಾಲಿಗೆ ಹೋಗಲಿಲ್ಲ. ಆದರೆ ಒಂದರಲ್ಲೂ ನಿಲ್ಲಲಿಲ್ಲ. ಎರಡು ದಾಟಿ, ಎರಡೂಕಾಲರ ಹತ್ತಿರ ಹೋಗಿ ನಿಂತಿತು.

ಮೇಡಂ ಹತ್ತಿರ ಬಂದು ತಾವೇ ಓದಿದರು, ತಾವೇ ಬರೆದರು. "ಗೆರೆಗಿಂತ ಎರಡು ಪಟ್ಟಿನ ಮೇಲೆ. ಹಾಲ್ ಈಗಲೇ ನಿಲ್ಲಬೇಕು."

"ಒಂದು ಸಲ ತಪ್ಪಿದೋರು ಇನ್ನೊಂದು ಸಲ ತಪ್ಪಲ್ವಾ ಮೇಡಂ?" ಎಂದ ಆಯ್ತಾಯ್ತು.

"ಈ ಸಲ ಟಿಕ್ ಹಾಕಿದ್ದು ನಾನು. ನನ್ನನ್ನ ಕೇಳಿ."

ಅವನು ಬೇರೆ ದಾರಿಯಿಲ್ಲದವನಂತೆ, "ಆಯ್ತಾಯ್ತು" ಎಂದು ಹಾಲಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಧಸಕ್ ಧಸಕ್ ನಿಂತಿತು. ಹಾಲಿನ ಧೂಳನ್ನು ಹೊರಗೆ ಎಳೆದುಹಾಕಬೇಕಿದ್ದ ದೊಡ್ಡ ಕೊಳವೆಯನ್ನು ಬಿಚ್ಚಿ ನೋಡಿದಾಗ ಅದರ ಒಳಗೆ ಪುಡಿ ಗಟ್ಟಿಯಾಗಿ, ಗಾಳಿ ಹೋಗಲು ಒಂದು ಮುಷ್ಟಿಯಷ್ಟು ಜಾಗ ಮಾತ್ರ ಉಳಿದಿತ್ತಂತೆ. ಯಾವಾಗಿನಿಂದ ಹಾಗಿತ್ತೋ ಹೇಳುವವರಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಜಿಗಣೆ ತೊಟ್ಟವರು ಆ ಕಟ್ಟಿದ ಕೊಳವೆಯಿಂದ ದೂರದ ಸಾಲಿನವರು, ಅದಕ್ಕೇ ಅಂಕಿ ಗೆರೆ ದಾಟಿರಲಿಲ್ಲ.

ಹನ್ನೊಂದು ಹೆಂಗಸರನ್ನೂ ಆಸ್ಪತ್ರೆಗೆ ಕರೆದೊಯ್ದು ಎದೆಯ ಚಿತ್ರ ತೆಗೆಸಿದರು. ಉದ್ದ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಹರಟೆ ಇರಲಿಲ್ಲ. ಮಾಸ್ಕು ನೋಡಿ ನಕ್ಕಿದ್ದವಳು ಚಿಮಟಮ್ಮನ ಕೈ ಹಿಡಿದುಕೊಂಡು, "ಅಕ್ಕಾ, ನನ್ನದು ಏಳು ವರ್ಷ" ಎಂದಷ್ಟೇ ಹೇಳಿದಳು. ಅವಳನ್ನೂ ಇನ್ನಿಬ್ಬರನ್ನೂ ಡಾಕ್ಟರು ಮತ್ತೆ ಒಳಗೆ ಕರೆದರು. ಇನ್ನಷ್ಟು ಪರೀಕ್ಷೆ ಬೇಕಂತೆ. ಮಗಳ ಚಿತ್ರವನ್ನು ದೀಪದ ಪೆಟ್ಟಿಗೆಗೆ ಅಂಟಿಸಿ ನೋಡಿ ಡಾಕ್ಟರು, "ಸದ್ಯಕ್ಕೆ ಏನೂ ಕಾಣಿಸ್ತಿಲ್ಲ. ಇದು ನಿಧಾನಕ್ಕೆ ಕಾಣೋ ಕಾಯಿಲೆ. ವರ್ಷ ಬಿಟ್ಟು ಮತ್ತೆ ಬನ್ನಿ" ಎಂದರು.

ಮೆಟ್ಟಿಲಿಳಿಯುವಾಗ ಮಗಳು, "ಏನೂ ಇಲ್ಲ ಅಂದ್ರಲ್ಲಮ್ಮ, ಇನ್ನಾದ್ರೂ ಮುಖ ಬಿಡಿಸು" ಎಂದಳು.

"ಸದ್ಯಕ್ಕೆ ಅಂದ್ರು."

"ಡಾಕ್ಟರು ಎಲ್ಲರಿಗೂ ಹಾಗೇ ಅನ್ನೋದು."

ಅವಳು ಮೂರು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ಇಳಿದಳು. ಬೀದಿಗೆ ಬಂದ ಮೇಲೆ ಮಗಳೇ ಮತ್ತೆ ಮಾತು ತೆಗೆದಳು. "ಮುಂದಿನ ವಾರ ಕೊಳವೆ ರಿಪೇರಿ ಮುಗಿಯತ್ತಂತೆ. ಮತ್ತೆ ಹಾಲ್ ತೆಗೀತಾರೆ. ಬಾ ಅಂತ ಹೇಳಿ ಕಳಿಸಿದಾರೆ."

"ತೆಗೀಲಿ."

"ನಾನು ಹೋಗ್ಲಾ ಬೇಡ್ವಾ?"

ಬೇಡ ಎಂದು ಅವಳ ನಾಲಿಗೆಯ ತುದಿಗೆ ಬಂತು. ಮಗಳು ಹೋಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರ ಮಗಳು ಬರುತ್ತಾಳೆ, ಅದೂ ಗೊತ್ತಿತ್ತು. ಬೀದಿಯಲ್ಲಿ ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಮಗಳ ತೋಳು ಹಿಡಿದು ಅವಳನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ಲಾರಿ ಹೋಗಿ, ಧೂಳೆಲ್ಲ ಅಡಗಿದಂತೆ ಕಂಡ ಮೇಲೂ ಆ ಕೈ ಬಿಡಲಿಲ್ಲ.

"ಮೊದಲು ನಾನು ಒಳಗೆ ಹೋಗ್ತೀನಿ. ಒಂದು ಪಾಳಿ ನಿಂತು, ತೂಗಿ ನೋಡ್ತೀನಿ" ಎಂದಳು. "ಅದು ಗೆರೆಯ ಕೆಳಗೆ ಬರೋವರೆಗೆ ನೀನೂ ಹೋಗಲ್ಲ, ಬೇರೆ ಯಾರನ್ನೂ ನಾನು ಬಿಡಲ್ಲ."